ಮೂರನೆಯ ನಂಬರಿಗೊಂದು ಆಸಿಲೇಟರ್

ಮೊದಲಿಗೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ರೇಡಿಯೋ ವಿಷಯ ಚೆನ್ನಾಗಿ ಬಲ್ಲವರು ಇದನ್ನು ಓದಿದರೆ ಅಲ್ಲಲ್ಲಿ ಹುಬ್ಬು ಗಂಟಿಕ್ಕಬಹುದು. ಏನೂ ತಿಳಿಯದವರು ಓದಿದರೆ, ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ರಾದ್ಧಾಂತವೇ ಎಂದು ಪುಸ್ತಕ ಮುಚ್ಚಬಹುದು. ಇಬ್ಬರದೂ ತಪ್ಪಲ್ಲ. ಒಂದು ಹಳೆಯ ಟ್ರಾನ್ಸ್‌ಮಿಟರಿಗೆ ಹೊರಗಿನಿಂದ ಒಂದು ಪೆಟ್ಟಿಗೆಯನ್ನು ಜೋಡಿಸಿದರು, ನಡೆದದ್ದು ಅಷ್ಟೇ. ಆದರೆ ಆ ಕೆಲವು ದಿನ ಒಂದು ಮನೆಯ ನಾಲ್ಕು ಜನರ ತಾಳ್ಮೆ ಹೇಗೆ ಎಳೆ ಎಳೆಯಾಗಿ ಸವೆದುಹೋಯಿತು ಎಂಬುದನ್ನು ಯಾರಾದರೂ ಹೇಳಬೇಕಾಗಿತ್ತು. ಇನ್ನೂ ಚೆನ್ನಾಗಿ ಹೇಳಬಲ್ಲವರು ಯಾರೂ ಮುಂದೆ ಬರದಿದ್ದರಿಂದ ಈ ಧೈರ್ಯ.

ಆ ಮನೆಯ ಅಳಿಯನಿಗೆ ತಕ್ಕಡಿ ರಿಪೇರಿಯ ಕೆಲಸ. ಅಂಗಡಿಗಳ ತೂಕದ ಯಂತ್ರ, ಔಷಧಿ ಅಂಗಡಿಯ ಗಾಜಿನ ಪೆಟ್ಟಿಗೆಯೊಳಗಿನ ಸೂಕ್ಷ್ಮ ತಕ್ಕಡಿ, ಲಾರಿ ತೂಗುವ ಕಟ್ಟೆ, ಎಲ್ಲವನ್ನೂ ಸರಿಮಾಡುತ್ತಿದ್ದ. ಹಗಲು ಕೆಲಸ ಮಾಡಿ ಸಂಜೆ ಪಾಲಿಟೆಕ್ನಿಕ್‌ನಲ್ಲಿ ಓದಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿಕೊಂಡಿದ್ದ. ಆ ಡಿಪ್ಲೊಮಾ ನಿಜವಾಗಿಯೂ ತನ್ನದೇ, ಅಥವಾ ಪರೀಕ್ಷಕರು ಪಾಪ ಎಂದು ಕೊಟ್ಟದ್ದೇ ಎಂಬ ಅನುಮಾನ ಅವನನ್ನು ಹನ್ನೆರಡು ವರ್ಷವಾದರೂ ಬಿಟ್ಟಿರಲಿಲ್ಲ. ಮಾಡುವುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಬರೆದುಕೊಂಡದ್ದನ್ನು ಮತ್ತೆ ಓದಿ, ಇದನ್ನು ಬರೆದವನು ಸರಿಯಾಗಿ ಬರೆದಿದ್ದಾನೆಯೇ ಎಂದು ಯೋಚಿಸುತ್ತಿದ್ದ.

ಅವನೂ ಅವನ ಹೆಂಡತಿಯೂ ವಾಸವಿದ್ದದ್ದು ಕೆಳಗಿನ ಮನೆಯಲ್ಲಿ. ಮೇಲಿನ ಮಹಡಿಯಲ್ಲಿ ಅತ್ತೆ ಮಾವ. ಮಾವ ತಾರು ಕಚೇರಿಯಲ್ಲಿ ಮೂವತ್ತಾರು ವರ್ಷ ತಂತಿ ಕುಟ್ಟಿ ನಿವೃತ್ತರಾದವರು. ಕಚೇರಿಯ ಕೆಲಸ ಮುಗಿದರೂ ಕೈ ಸುಮ್ಮನಿರಲಿಲ್ಲ. ಮಹಡಿಯ ಹಿಂದಿನ ಹಲಗೆ ನೆಲದ ಕೋಣೆಯಲ್ಲಿ ಹವ್ಯಾಸಿ ರೇಡಿಯೋ ಇಟ್ಟುಕೊಂಡು, ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹತ್ತು ಜನ ಗೆಳೆಯರ ಜೊತೆ ಮೋರ್ಸ್ ಸಂಕೇತದಲ್ಲಿ ಮಾತಾಡುತ್ತಿದ್ದರು. ಮಾತು ಎಂದರೆ ಹೆಚ್ಚೇನಿಲ್ಲ. ಗುಂಪಿನ ಹಿರಿಯರು, ವೃತ್ತಿಯಲ್ಲಿ ಹಲ್ಲಿನ ಡಾಕ್ಟರು, ಒಂದರಿಂದ ಹನ್ನೊಂದರವರೆಗೆ ನಂಬರ್ ಕರೆಯುತ್ತಾರೆ. ಕರೆದ ನಂಬರಿನವರು ಉತ್ತರ ಕೊಡಬೇಕು. ಮಾವನದು ಮೂರನೆಯ ನಂಬರು, ಇಪ್ಪತ್ತೆರಡು ವರ್ಷದಿಂದ.

ಆ ಗುಂಪಿಗೊಂದು ನಿಯಮವಿತ್ತು. ಸತತವಾಗಿ ನಾಲ್ಕು ಭಾನುವಾರ ಹಾಜರಿ ತಪ್ಪಿದರೆ ನಂಬರು ಹೋಯಿತು, ಸರದಿಯಲ್ಲಿ ಕಾಯುತ್ತಿರುವವನಿಗೆ ಸೇರಿತು. ಕಾಯುತ್ತಿದ್ದವನು ಒಬ್ಬ ಐಸ್ ಕಾರ್ಖಾನೆಯವನು. ಎರಡು ವರ್ಷದಿಂದ ಕಾಯುತ್ತಿದ್ದ. ಮಾವ ಮೂರು ಭಾನುವಾರ ತಪ್ಪಿಸಿಕೊಂಡಾಗಿತ್ತು.

ಕಾಯಿಲೆಯಿಂದಲ್ಲ. ಮಾವನ ಟ್ರಾನ್ಸ್‌ಮಿಟರ್ ತುಂಬ ಹಳೆಯ ಕಾಲದ್ದು. ಅದರ ಎದೆಯ ಮೇಲೆ ಎರಡು ತೂತಿನ ಒಂದು ಸಾಕೆಟ್. ಅದರೊಳಗೆ ಹೆಬ್ಬೆರಳಿನಷ್ಟು ದೊಡ್ಡ ಸ್ಫಟಿಕದ ಬಿಲ್ಲೆ ಸಿಕ್ಕಿಸಬೇಕು. ಆ ಬಿಲ್ಲೆ ಯಾವ ತರಂಗಕ್ಕೆ ಕೊರೆದದ್ದೋ ಆ ಒಂದೇ ತರಂಗದಲ್ಲಿ ಯಂತ್ರ ಮಾತಾಡುತ್ತದೆ, ಒಂದು ಕೂದಲೆಳೆಯಷ್ಟೂ ಆಚೀಚೆ ಸರಿಯದು. ಈಚೆಗೆ ಆ ತರಂಗದಲ್ಲಿ ಎಲ್ಲಿಂದಲೋ ಗರಗಸ ಎಳೆದಂಥ ಸದ್ದು ಬಂದು ಕೂತಿತು. ಗುಂಪಿನವರು ಎರಡು ವಾರ ಸಹಿಸಿ, ಆಮೇಲೆ ಎಲ್ಲರೂ ಒಪ್ಪಿ ನಾಲ್ಕು ಕಿಲೋಹರ್ಟ್ಸ್ ಮೇಲಕ್ಕೆ ಸರಿದರು. ಮಿಕ್ಕವರ ಯಂತ್ರಗಳಿಗೆ ತಿರುಗಿಸುವ ಗುಂಡಿ ಇತ್ತು, ತಿರುಗಿಸಿದರು. ಮಾವನಿಗಿದ್ದದ್ದು ಬಿಲ್ಲೆ. ಹೊಸ ಬಿಲ್ಲೆ ಕೊರೆಸಿ ಅಂಚೆಯಲ್ಲಿ ತರಿಸಲು ಎರಡು ತಿಂಗಳು ಬೇಕು.

ಆದರೆ ಕೇಳುವ ರಿಸೀವರ್ ಬೇರೆ, ಅದಕ್ಕೆ ಗುಂಡಿ ಇತ್ತು. ಹಾಗಾಗಿ ಮೂರು ಭಾನುವಾರವೂ ಅವರಿಗೆ ಎಲ್ಲ ಕೇಳಿಸುತ್ತಿತ್ತು. ಡಾಕ್ಟರು ಒಂದು ಎನ್ನುವುದು, ಎರಡು ಎನ್ನುವುದು, ಮೂರು ಎಂದು ಮೂರು ಸಲ ಕರೆದು, ತುಸು ಕಾದು, ನಾಲ್ಕಕ್ಕೆ ಹೋಗುವುದು. ಮಾವ ಹಳೆಯ ತರಂಗದಲ್ಲೇ ಕುಟ್ಟಿ ಕುಟ್ಟಿ ಉತ್ತರ ಕೊಡುತ್ತಿದ್ದರು, ಗರಗಸದ ಬಾಯಿಗೆ.

"ಒಂದು ಫೋನ್ ಮಾಡಿ ಹೇಳಬಾರದೇನಪ್ಪ?" ಎಂದಿದ್ದಳು ಮಗಳು.

"ಫೋನಲ್ಲೇ ಹೇಳೋದಾದ್ರೆ ರೇಡಿಯೋ ಯಾಕಮ್ಮ ಬೇಕು? ಫೋನಲ್ಲಿ ಕೊಟ್ಟ ಹಾಜರಿ ಹಾಜರಿ ಅಲ್ಲ. ಆ ನಿಯಮ ಮಾಡಿದ್ದೂ ನಾನೇ."

"ಅದಕ್ಕೆ ಅನುಭವಿಸ್ತಿರೋದೂ ನೀವೇ," ಎಂದರು ಅತ್ತೆ, ಒಗೆದ ಬಟ್ಟೆ ಮಡಿಸುತ್ತ.

ಗುರುವಾರ ಸಂಜೆ ಮಾವ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿದರು. ಹಳೆಯ ದುಪ್ಪಟಿಯಲ್ಲಿ ಸುತ್ತಿದ್ದ, ಬೂಟಿನ ಪೆಟ್ಟಿಗೆಯಷ್ಟು ದೊಡ್ಡ ತಗಡಿನ ಡಬ್ಬ. ಮುಂದೆ ಒಂದು ದೊಡ್ಡ ಗುಂಡಿ. ಮೇಲೆ ಅವರದೇ ಅಕ್ಷರದಲ್ಲಿ ಚೀಟಿ: 'ಕೆಟ್ಟಿದೆ'. ಅದು ಆಸಿಲೇಟರ್. ಬಿಲ್ಲೆಯ ಜಾಗದಲ್ಲಿ ಇದರ ತಂತಿ ಸಿಕ್ಕಿಸಿದರೆ ಬೇಕಾದ ತರಂಗಕ್ಕೆ ಗುಂಡಿ ತಿರುಗಿಸಿಕೊಳ್ಳಬಹುದು. ಬಹಳ ಹಿಂದೆ ತಾವೇ ಕಟ್ಟಿ, ಸ್ವರ ನಡುಗುತ್ತದೆಂದು ಬೇಸತ್ತು ಅಟ್ಟಕ್ಕೆ ಎಸೆದಿದ್ದರು.

"ಅಳಿಯಂದಿರೇ, ನಿಮ್ಮ ಡಿಪ್ಲೊಮಾಗೆ ಒಂದು ಕೆಲಸ ಬಂದಿದೆ. ಭಾನುವಾರ ಒಂಬತ್ತಕ್ಕೆ ಇದು ಮಾತಾಡಬೇಕು. ಒಂದು ಷರತ್ತು. ನನ್ನ ಟ್ರಾನ್ಸ್‌ಮಿಟರಿಗೆ ತೂತು ಕೊರೆಯೋ ಹಾಗಿಲ್ಲ, ಒಳಗೆ ಒಂದು ಹನಿ ಬೆಸುಗೆ ಹಾಕೋ ಹಾಗಿಲ್ಲ. ಹೊರಗಿಂದ ಏನು ಬೇಕಾದ್ರೂ ಮಾಡಿ."

"ನೋಡ್ತೀನಿ ಮಾವ. ಆದರೆ ನನಗೆ ಇದರಲ್ಲಿ ಅಷ್ಟಾಗಿ..."

"ಅಷ್ಟಾಗಿ ಗೊತ್ತಿಲ್ಲ ಅಂತ ನಂಗೆ ಗೊತ್ತು. ಬೇರೆ ಯಾರಿದ್ದಾರೆ?"

ಹೀಗೆ ಶುರುವಾಯಿತು.

ಮೊದಲು ಡಬ್ಬದ ಮುಚ್ಚಳ ಬಿಚ್ಚಿ ಧೂಳು ಊದಿ, ಒಣಗಿದ್ದ ಎರಡು ಕಂಡೆನ್ಸರ್ ಬದಲಾಯಿಸಿದ. ಮಾವ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. "ಎಡಗೈ ಜೇಬಲ್ಲಿ," ಎಂದು ಐದು ನಿಮಿಷಕ್ಕೊಮ್ಮೆ ಎಚ್ಚರಿಸುತ್ತಿದ್ದರು. ಒಳಗೆ ಮುನ್ನೂರು ವೋಲ್ಟ್ ಹರಿಯುತ್ತದೆ, ಎರಡೂ ಕೈ ಹಾಕಿದರೆ ಎದೆಯ ಮೂಲಕ ಹಾದುಹೋಗುತ್ತದೆ ಎಂದು. ಮಾತು ಸರಿಯಾದದ್ದೇ. ಆದರೆ ಒಂದೇ ಕೈಯಲ್ಲಿ ಸ್ಕ್ರೂ ಹಿಡಿದು ಅದೇ ಕೈಯಲ್ಲಿ ತಿರುಗಿಸುವುದು ಹೇಗೆ ಎಂದು ಕೇಳಿದರೆ, "ತಾರು ಕಚೇರಿಯಲ್ಲಿ ಮಾಡ್ತಿದ್ವಿ," ಎಂಬ ಉತ್ತರ.

ಬಿಲ್ಲೆಯ ಸಾಕೆಟ್ಟಿನ ಎರಡು ತೂತುಗಳಲ್ಲಿ ಒಂದು ಯಂತ್ರದ ಮೈಗೆ ಸೇರಿದ್ದು, ಇನ್ನೊಂದು ವಾಲ್ವಿಗೆ, ಅಂದರೆ ಒಳಗಿನ ಗಾಜಿನ ನಳಿಗೆಗೆ, ಹೋಗುವುದು. ಆಸಿಲೇಟರಿನ ತಂತಿಯಲ್ಲೂ ಎರಡು ಎಳೆ, ಹೊರಗಿನ ಜಾಲರಿ ಮೈಗೆ, ಒಳಗಿನ ಎಳೆ ವಾಲ್ವಿಗೆ. ಅಳಿಯ ಮೀಟರ್ ಹಿಡಿದು ಅಳೆದು, ಎಡದ್ದು ಮೈ, ಬಲದ್ದು ವಾಲ್ವು ಎಂದು ನೋಟ್‌ಬುಕ್ಕಿನಲ್ಲಿ ಬರೆದ. ಪ್ಲಗ್ ಕಟ್ಟಿದ. ಸಿಕ್ಕಿಸುವ ಮೊದಲು ಬರೆದದ್ದನ್ನು ಓದಿದ. ಎಡ ಎಂದರೆ ಮುಂದಿನಿಂದ ನೋಡಿದಾಗ ಎಡವೇ, ಹಿಂದಿನಿಂದ ನೋಡಿದಾಗಲೇ? ಅಳೆಯುವಾಗ ತಾನು ಎಲ್ಲಿ ನಿಂತಿದ್ದೆ? ಯೋಚಿಸಿ ಯೋಚಿಸಿ ಪ್ಲಗ್ಗನ್ನು ತಿರುಗಿಸಿ ಕಟ್ಟಿದ. ಆನ್ ಮಾಡಿದರೆ ಏನೂ ಇಲ್ಲ. ಆಂಟೆನಾ ಬದಲಿಗೆ ಪರೀಕ್ಷೆಗೆಂದು ಜೋಡಿಸಿದ್ದ ಅರವತ್ತು ವ್ಯಾಟಿನ ಬಲ್ಬು ಕಣ್ಣು ಬಿಡಲಿಲ್ಲ. ಮುಕ್ಕಾಲು ಗಂಟೆ ಡಬ್ಬವನ್ನು ಬೈದು, ಕೊನೆಗೆ ಪ್ಲಗ್ಗನ್ನು ಮೊದಲಿದ್ದಂತೆ ಕಟ್ಟಿದ. ಮೊದಲು ಬರೆದದ್ದೇ ಸರಿಯಾಗಿತ್ತು.

"ಡಿಪ್ಲೊಮಾದಲ್ಲಿ ಎಡ ಬಲ ಕಡ್ಡಾಯ ಇರಲಿಲ್ವಾ?" ಎಂದು ಮಾವ ತುಂಬ ಮೃದುವಾಗಿ ಕೇಳಿದರು.

ಸರಿ, ಬಲ್ಬು ಈಗ ಬೆಳಗಿತು, ಆದರೆ ಹೊಗೆ ಹಿಡಿದ ಲಾಂದ್ರದಂತೆ. ಕಾರಣ ತಂತಿ ಉದ್ದವಾದದ್ದು. ಮೇಜಿನ ಮೇಲೆ ಎಲ್ಲಿ ಬೇಕಾದರೂ ಇಡಬಹುದೆಂದು ಅವನು ನಾಲ್ಕು ಅಡಿ ಬಿಟ್ಟಿದ್ದ. ಇಂಥ ತಂತಿ ಉದ್ದವಾದಷ್ಟೂ ಬಲವನ್ನು ದಾರಿಯಲ್ಲೇ ಕುಡಿದುಬಿಡುತ್ತದೆ. ಮೂರು ಅಡಿಗೆ ಕತ್ತರಿಸಿದ, ಆಮೇಲೆ ಎರಡೂವರೆಗೆ. ಒಂದೂವರೆ ಅಡಿಗೆ ಬಂದಾಗ ಬಲ್ಬು ಜಗ್ಗನೆ ಹತ್ತಿತು. ಡಬ್ಬವನ್ನು ಇಡಲು ಇನ್ನು ಉಳಿದದ್ದು ಒಂದೇ ಜಾಗ, ಟ್ರಾನ್ಸ್‌ಮಿಟರಿನ ಮಗ್ಗುಲು, ಮೇಜಿನ ಬಲ ಅಂಚಿಗೆ.

ಶುಕ್ರವಾರ ಸಂಜೆ ಅಂಗಡಿಯಿಂದ ಬಂದವನೇ ಮುಖ ತೊಳೆಯದೆ ಮೇಲೆ ಹತ್ತಿದ. ಮೇಜಿಗೆ ತಿರುಪು ಹಾಕಿ ಕೂರಿಸಿದ್ದ ಮೋರ್ಸ್ ಕೀ ಒತ್ತಿದೊಡನೆ ಸ್ವರ ಜಾರುತ್ತಿತ್ತು. ಪೀ ಎಂದು ನೇರವಾಗಿ ಬರಬೇಕಾದದ್ದು ಪ್ಯೂಂ ಎಂದು ಬಾಗುತ್ತಿತ್ತು. ಡಬ್ಬಕ್ಕೆ ಕರೆಂಟು ಟ್ರಾನ್ಸ್‌ಮಿಟರಿನ ಬೆನ್ನಿನಿಂದಲೇ ಬರುತ್ತಿತ್ತು. ದೊಡ್ಡ ಯಂತ್ರ ಕೆಲಸ ಶುರುಮಾಡಿದ ಕೂಡಲೇ ಚಿಕ್ಕದರ ಹೊಟ್ಟೆಗೆ ಕಮ್ಮಿಯಾಗುತ್ತಿತ್ತು. ಇದಕ್ಕೆ ಅವನ ಬಳಿ ಮದ್ದಿತ್ತು. ಅಂಗಡಿಯಲ್ಲಿದ್ದ ತನ್ನ ಬೇರೆ ಪವರ್ ಸಪ್ಲೈ ತಂದು ಡಬ್ಬಕ್ಕೆ ಪ್ರತ್ಯೇಕ ಊಟ ಹಾಕಿದ. ತೂತಿಲ್ಲ, ಬೆಸುಗೆಯಿಲ್ಲ. ರಿಸೀವರಿನಲ್ಲಿ ಕೇಳಿದರೆ ಸ್ವರ ಗಾಜಿನ ಮೇಲೆ ಎಳೆದ ಗೆರೆಯಂತೆ ನಿಂತಿತು. ಅವನೇ ಮೆಲ್ಲಗೆ ಕೀ ಒತ್ತಿ, ಬಿಟ್ಟು, ಒತ್ತಿ ನೋಡಿದ. ಸೊಗಸಾಗಿತ್ತು. ಅವನಿಗೆ ಪರವಾನಗಿ ಇಲ್ಲ, ಆಂಟೆನಾಗೆ ಕಳಿಸುವ ಹಕ್ಕು ಮಾವನದೊಂದೇ. ಆದರೆ ಬಲ್ಬಿಗೆ ಎಷ್ಟು ಬೇಕಾದರೂ ಮಾತಾಡಬಹುದಿತ್ತು. ಹತ್ತು ನಿಮಿಷ ಬಲ್ಬಿನೊಂದಿಗೆ ಮಾತಾಡಿದ. ಅಷ್ಟರಲ್ಲಿ ಒಂದು ಸಣ್ಣ ಹೆಮ್ಮೆ ಕೂಡ ಬಂದಿತ್ತು, ಅದನ್ನು ಮುಚ್ಚಿಟ್ಟುಕೊಂಡು ಮಾವನನ್ನು ಕರೆದ.

ಮಾವ ಬಂದು, ಅಂಗಿಯ ತೋಳು ಮಡಿಸಿ, ಕೂತು, ಕುಟ್ಟಿದರು.

ಸ್ವರ ನಡುಗಿತು. ಚಳಿ ಹಿಡಿದವನು ಹಾಡಿದಂತೆ ಪ್ರತಿ ಅಕ್ಷರವೂ ಗದಗದ.

"ಇದೇ," ಎಂದರು ಮಾವ, ತೃಪ್ತಿಯಿಂದಲೋ ಎಂಬಂತೆ. "ಇದೇ ರೋಗ ಆಗಲೂ. ನಾನು ಹೇಳಲಿಲ್ವಾ? ಕೆಟ್ಟಿದೆ ಅಂತ ಬರೆದಿಟ್ಟಿದ್ದೆ."

"ಈಗ ತಾನೇ ಸರಿಯಾಗಿತ್ತು ಮಾವ."

"ನೀವು ಕೇಳಿಸಿಕೊಂಡಿದ್ದು ಸರಿಯಾಗಿತ್ತಾ?"

ಅಳಿಯ ಎದ್ದು ಬಂದು ಕೀ ಒತ್ತಿದ. ಗಾಜಿನ ಗೆರೆ. ಮಾವ ಒತ್ತಿದರು. ಗದಗದ. ಹೀಗೆ ಆರು ಸಲ. ಏಳನೆಯ ಸಲ ಮಾವ ಬಹುವಚನ ಬಿಟ್ಟರು.

"ಎಲ್ಲೋ ಬೆಸುಗೆ ಸಡಿಲ ಬಿಟ್ಟಿದ್ದೀಯಾ ನೀನು. ಹುಡುಕು."

ಶನಿವಾರ ಮಧ್ಯಾಹ್ನ ಅಂಗಡಿಗೆ ಬಾಗಿಲು ಹಾಕಿ ಬಂದು ಹುಡುಕಿದ. ಡಬ್ಬದೊಳಗೆ ಮೂವತ್ತೊಂಬತ್ತು ಬೆಸುಗೆಗಳಿದ್ದವು. ಮೂವತ್ತೊಂಬತ್ತನ್ನೂ ಮತ್ತೆ ಕಾಯಿಸಿ ಹೊಸದಾಗಿ ಹಾಕಿದ. ಪ್ಲಗ್ ಉಜ್ಜಿದ, ವಾಲ್ವಿನ ಕಾಲುಗಳನ್ನು ಕೆರೆದ. ತಪ್ಪು ತನ್ನದೇ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ, ಯಾವ ತಪ್ಪು ಎಂದಷ್ಟೇ ತಿಳಿಯಬೇಕಿತ್ತು. ಮಾವ ಕುಟ್ಟಿದರೆ ಮತ್ತೆ ಅದೇ ಚಳಿಜ್ವರ.

"ಇಬ್ಬರೂ ಒಂದಿಷ್ಟು ಟೀ ಕುಡೀರಿ," ಎಂದು ಅತ್ತೆ ಎರಡು ಗಾಜಿನ ಲೋಟ ತಂದು ಮೇಜಿನ ಮೇಲಿಟ್ಟರು. "ಅದಕ್ಕೂ ಒಂದು ಲೋಟ ಬೇಕಾದ್ರೆ ಹೇಳಿ, ಚಳಿ ಬಿಡುತ್ತೇನೋ."

ಮಾವ ಟೀ ಮುಟ್ಟದೆ ಕುಟ್ಟುತ್ತಲೇ ಇದ್ದರು, ಹಟಕ್ಕೆ. ಅಳಿಯ ಲೋಟದ ಕಡೆ ಕೈ ಚಾಚಿದವನು ಚಾಚಿದ ಹಾಗೇ ನಿಂತ. ಪ್ರತಿ ಪೆಟ್ಟಿಗೂ ಟೀ ಮೇಲೆ ಸಣ್ಣ ಸಣ್ಣ ಉಂಗುರಗಳು ಏಳುತ್ತಿದ್ದವು, ನಡುವಿನಿಂದ ಅಂಚಿಗೆ ಓಡಿ ಮಾಯವಾಗುತ್ತಿದ್ದವು. ಸ್ವರ ಗದಗದಿಸಿದಾಗ ಉಂಗುರ. ಉಂಗುರ ಎದ್ದಾಗ ಗದಗದ.

ಇದನ್ನು ಅವನು ಸಾವಿರ ಸಲ ನೋಡಿದ್ದ. ಸೂಕ್ಷ್ಮ ತಕ್ಕಡಿಯ ಮುಳ್ಳು ನಿಲ್ಲುತ್ತಿಲ್ಲ ಎಂದು ಅಂಗಡಿಯವರು ಕರೆದಾಗ ಅವನು ತಕ್ಕಡಿ ಬಿಚ್ಚುವುದಕ್ಕೆ ಮೊದಲು ಮಾಡುತ್ತಿದ್ದದ್ದು ಒಂದೇ ಕೆಲಸ. ಒಂದು ಬಟ್ಟಲಲ್ಲಿ ನೀರು ತುಂಬಿ ಪಕ್ಕದಲ್ಲಿಟ್ಟು ನೋಡುವುದು. ನೀರು ನಡುಗಿದರೆ ರೋಗ ತಕ್ಕಡಿಯದಲ್ಲ, ಅದು ಕೂತಿರುವ ಜಾಗದ್ದು. ಡಬ್ಬದೊಳಗಿನ ತಾಮ್ರದ ಸುರುಳಿ ತಕ್ಕಡಿಯ ಮುಳ್ಳಿಗಿಂತ ನಾಜೂಕು. ಮೇಜು ಅದುರಿದರೆ ಅದೂ ಅದುರುತ್ತದೆ, ಸುರುಳಿ ಅದುರಿದರೆ ಸ್ವರ ನಡುಗುತ್ತದೆ. ಬಿಲ್ಲೆಗೆ ಆ ಬಾಧೆಯಿಲ್ಲ, ಅದು ಕಲ್ಲು. ಮೂರು ದಿನ ತಕ್ಕಡಿಯವನಾಗಿ ಯೋಚಿಸದೆ ಡಿಪ್ಲೊಮಾದವನಾಗಿ ಯೋಚಿಸಿದ್ದಕ್ಕೆ ಅವನಿಗೆ ತನ್ನ ಮೇಲೇ ರೇಗಿತು.

ಆಮೇಲೆ ಇನ್ನೊಂದು ವಿಷಯ ಹೊಳೆಯಿತು, ರೇಗಿದ್ದು ಇಳಿಯಿತು. ಮೇಜು ತಾನಾಗಿ ಅದುರುತ್ತಿಲ್ಲ. ತಾರು ಕಚೇರಿಯಲ್ಲಿ ಮೂವತ್ತಾರು ವರ್ಷ ಕುಟ್ಟಿದ ಕೈ ಅದು. ಆ ಕಾಲದ ಉದ್ದುದ್ದ ತಂತಿಗಳಿಗೆ ಕೀ ಗಟ್ಟಿಯಾಗಿ ಕಚ್ಚಿ ಕೂರಬೇಕು ಎಂದು ಕಲಿತ ಕೈ. ಅಟ್ಟದ ಮೇಲಿದ್ದ ಡಬ್ಬ ಕೆಟ್ಟಿರಲೇ ಇಲ್ಲ. ಅಷ್ಟೂ ವರ್ಷ ಅದು 'ಕೆಟ್ಟಿದೆ' ಎಂಬ ಚೀಟಿ ಹೊತ್ತು ಸುಮ್ಮನೆ ಕೂತಿತ್ತು.

ಇದನ್ನು ಮಾವನಿಗೆ ಹೇಳುವವರು ಯಾರು?

ಕೆಳಗೆ ಹೋಗಿ ಹೆಂಡತಿಗೆ ಹೇಳಿದ. ಅವಳು ಹೊಲಿಗೆ ನಿಲ್ಲಿಸಿ ಕೇಳಿದಳು.

"ಅಂದ್ರೆ ಅಪ್ಪನ ಕೈ ಭಾರ ಅಂತ."

"ಹಾಗಂತ ಅಲ್ಲ. ಮೇಜು ಸ್ವಲ್ಪ..."

"ಮೇಜು ತಾನೇ ಕೀ ಒತ್ತುತ್ತಾ? ಹೋಗಿ ಹೇಳಿ. ನೀವು ಹೇಳಲ್ಲ ಅಂದ್ರೆ ನಾನು ಹೇಳ್ತೀನಿ. ನಾಳೆ ಆ ನಂಬರ್ ಹೋದ್ರೆ ಅಮ್ಮ ವಾರವೆಲ್ಲ ಆ ಮುಖ ನೋಡ್ಕೊಂಡಿರಬೇಕು."

ಅವನು ಹೇಳುವುದನ್ನು ಹೇಗೆ ಹೇಳಬೇಕೆಂದು ಮೆಟ್ಟಿಲ ಮೇಲೆ ನಿಂತು ಮೂರು ಬಗೆಯಲ್ಲಿ ಜೋಡಿಸಿಕೊಂಡ. ಮೇಲೆ ಹೋದಾಗ ಮೂರೂ ಮರೆತವು.

"ಮಾವ, ಮೇಜು ಅಲುಗ್ತಿದೆ."

"ಯಾವ ಮೇಜು?"

"ಇದೇ."

"ಇದು ತೇಗದ ಮೇಜು. ಆನೆ ಹತ್ತಿ ನಿಂತರೂ ಅಲುಗಲ್ಲ."

"ಲೋಟದಲ್ಲಿ ನೋಡಿ."

ಮಾವ ಕುಟ್ಟುತ್ತ ಲೋಟ ನೋಡಿದರು. ಉಂಗುರಗಳು ಬಂದವು, ಹೋದವು. ಬಹಳ ಹೊತ್ತು ನೋಡಿದರು.

"ಟೀ ನೀರು ನೀರಾಗಿದೆ," ಎಂದರು.

ಅಷ್ಟರಲ್ಲಿ ಮಗಳು ಬಂದು ಬಾಗಿಲಲ್ಲಿ ನಿಂತಿದ್ದಳು. "ಅಪ್ಪ, ಒಂದು ಸಲ ಮೆಲ್ಲಗೆ ಒತ್ತಿ ನೋಡಿ. ಇವರು ಒತ್ತೋ ಹಾಗೆ."

ಮಾವ ಕೀಯ ಮೇಲೆ ಬೆರಳಿಟ್ಟು, ಮಣಿಕಟ್ಟನ್ನು ತಡೆಹಿಡಿದು, ಮೆಲ್ಲಗೆ ಒತ್ತತೊಡಗಿದರು. ಸ್ವರ ನಡುಗಲಿಲ್ಲ. ಆದರೆ ಅಕ್ಷರಗಳು ಮುರಿದವು. ಚುಕ್ಕೆಗಳು ಬಿದ್ದುಹೋದವು, ಗೆರೆಗಳು ಅರ್ಧಕ್ಕೇ ನಿಂತವು. ಮೋರ್ಸ್ ಅಷ್ಟಿಷ್ಟು ಬಲ್ಲ ಅಳಿಯನಿಗೂ ಗೊತ್ತಾಯಿತು, ರೇಡಿಯೋದಲ್ಲಿ ತಮ್ಮ ಗುರುತಾದ ಕರೆಹೆಸರನ್ನೇ ಅವರು ತಪ್ಪಾಗಿ ಕುಟ್ಟುತ್ತಿದ್ದರು. ಇನ್ನೊಮ್ಮೆ ಶುರುಮಾಡಿದರು. ಮತ್ತೆ ಮುರಿಯಿತು. ಮೂರನೆಯ ಸಲಕ್ಕೆ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

ಆಗ ಅಳಿಯ ಅವಸರವಸರವಾಗಿ, ಯೋಚಿಸುವ ಮೊದಲೇ ಎಂದ, "ನೆಲ ಮಾವ. ಹಲಗೆ ನೆಲ ಅಲ್ವಾ. ಯಾರು ಒತ್ತಿದ್ರೂ ಹೀಗೇ ಆಗುತ್ತೆ. ನಾನು ಒತ್ತಿದಾಗ ಅದೃಷ್ಟಕ್ಕೆ ಅಲುಗಿಲ್ಲ ಅಷ್ಟೇ. ನಿಮ್ಮ ಕೈ ನಿಮ್ಮ ಹಾಗೇ ಇರಲಿ, ನಾನು ಡಬ್ಬಕ್ಕೆ ಬೇರೆ ಜಾಗ ಮಾಡ್ತೀನಿ."

ಹೆಂಡತಿ ಅವನನ್ನು ನೋಡಿದಳು. ಅವನು ಅವಳನ್ನು ನೋಡಲಿಲ್ಲ.

"ಹಾಗಾದ್ರೆ ನೆಲ ಅಂತ ಮೊದಲೇ ಹೇಳಬಾರದಾ?" ಎಂದರು ಮಾವ. "ಮೂರು ದಿನ ಹಾಳು."

ಬೇರೆ ಜಾಗ ಎಂದರೆ ಸುಲಭವೇ? ತಂತಿ ಒಂದೂವರೆ ಅಡಿ. ಕಿಟಕಿಯ ಕಲ್ಲು ದಂಡೆ ಐದು ಅಡಿ ದೂರ. ಕೀಯನ್ನು ಮೇಜಿನಿಂದ ಬಿಚ್ಚಿ ಬೇರೆಡೆ ಇಡೋಣವೆಂದರೆ, "ಅದನ್ನ ಮುಟ್ಟಬೇಡ." ಡಬ್ಬದ ಕೆಳಗೆ ದಿಂಬು ಇಟ್ಟ. ಗದಗದ ಹೋಗಿ, ಅಮಲೇರಿದವನ ನಡಿಗೆಯಂತೆ ಸ್ವರ ತೂಗಾಡಿತು. ಮೇಜಿನಿಂದ ಬಿಡಿಸಿ ಒಂದು ಸ್ಟೂಲಿನ ಮೇಲಿಟ್ಟ. ಸ್ಟೂಲು ನಿಂತದ್ದೂ ಅದೇ ಹಲಗೆ ನೆಲದ ಮೇಲೆ. ನೆಲವೂ ಅದುರುತ್ತಿತ್ತು, ಅಂದರೆ ಅವನು ಹೇಳಿದ ಸುಳ್ಳಿನಲ್ಲಿ ಅರ್ಧ ನಿಜ ಇತ್ತು, ಅದರಿಂದ ಸಮಾಧಾನವೇನೂ ಆಗಲಿಲ್ಲ. ಸೂರಿನ ತೊಲೆಯಿಂದ ಹಗ್ಗ ಕಟ್ಟಿ ಡಬ್ಬವನ್ನು ತೂಗುಹಾಕಿದ. ಅದು ಮೆಲ್ಲಗೆ ತಿರುಗುತ್ತ ತಂತಿಯನ್ನೇ ಕಿತ್ತುಕೊಂಡಿತು.

"ತೊಟ್ಟಿಲು ಕಟ್ಟಿದ್ದೀರಲ್ಲ," ಎಂದರು ಅತ್ತೆ. "ಮಗು ಯಾರದು?"

ಬೇಸತ್ತು, ಹಗ್ಗ ಬಿಚ್ಚಿ, ಸ್ಟೂಲಿನ ಮೇಲೆ ತಾನೇ ಕುಸಿದು ಕೂತ. ಡಬ್ಬ ತೊಡೆಯ ಮೇಲೆ ಇತ್ತು. ಇಡಲು ಬೇರೆ ಜಾಗವಿರಲಿಲ್ಲ. ತಂತಿ ಮತ್ತೆ ಸಿಕ್ಕಿಸಿದ್ದ. ಮಾವ ಅಭ್ಯಾಸಬಲದಿಂದ ಒಂದೆರಡು ಅಕ್ಷರ ಕುಟ್ಟಿದರು.

ಪೀ. ಪೀ ಪೀ. ಗಾಜಿನ ಮೇಲೆ ಎಳೆದ ಗೆರೆ.

ಮನುಷ್ಯನ ತೊಡೆಯಷ್ಟು ಒಳ್ಳೆಯ ಸ್ಪ್ರಿಂಗನ್ನು ಯಾವ ಕಾರ್ಖಾನೆಯೂ ಮಾಡಿಲ್ಲ ಎಂದು ಅವನು ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆದ. ಬರೆದು, ಇದು ತಾಂತ್ರಿಕವಾಗಿ ಸರಿಯೇ ಎಂದು ಕೆಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ.

ಭಾನುವಾರ ಬೆಳಿಗ್ಗೆ ಏಳಕ್ಕೇ ಡಬ್ಬ ಆನ್ ಮಾಡಿದರು. ವಾಲ್ವು ಬಿಸಿಯಾಗುವವರೆಗೆ ತರಂಗ ಜಾರುತ್ತಿರುತ್ತದೆ, ಬಿಸಿಯಾದ ಮೇಲೆ ನಿಲ್ಲುತ್ತದೆ. ಎಂಟೂಮುಕ್ಕಾಲಿಗೆ ಅಳಿಯ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ನಾಲ್ಕು ಮಡಿಕೆ ಕಂಬಳಿ ಹಾಸಿ, ಅದರ ಮೇಲೆ ಡಬ್ಬ ಇಟ್ಟುಕೊಂಡ. ಕಂಬಳಿ ಇಲ್ಲದಿದ್ದರೆ ಮೈಯ ಬಿಸಿಗೆ ತರಂಗ ಓಡುತ್ತದೆ. ಎಡಗೈಗೆ ಒಂದು ಪುಟ್ಟ ಸ್ವಿಚ್ಚು. ಕೇಳುವಾಗ ಆಫ್, ಕಳಿಸುವಾಗ ಆನ್, ಇಲ್ಲದಿದ್ದರೆ ಡಬ್ಬದ ಸಿಳ್ಳೆಯೇ ರಿಸೀವರಿನ ಕಿವಿ ಮುಚ್ಚಿಬಿಡುತ್ತದೆ. ಬಲಗೈ ಗುಂಡಿಯ ಮೇಲೆ, ತರಂಗ ಸರಿದರೆ ತಿದ್ದಲು.

"ಎಡಗೈ ಜೇಬಲ್ಲಿ ಅಂತಿದ್ದೆ, ಈಗ ಪರವಾಗಿಲ್ಲ ಬಿಡು, ಮುಚ್ಚಳ ಹಾಕಿದೆ," ಎಂದರು ಮಾವ. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಕತ್ತಿನ ಗುಂಡಿಯನ್ನೂ ಹಾಕಿದ್ದರು. ರೇಡಿಯೋದಲ್ಲಿ ಅದು ಯಾರಿಗೂ ಕಾಣುವುದಿಲ್ಲ.

"ಕೆಮ್ಮಬೇಡ."

"ಇಲ್ಲ ಮಾವ."

"ಉಸಿರು ಸ್ವಲ್ಪ ಕಡಿಮೆ ಮಾಡು."

ಒಂಬತ್ತಕ್ಕೆ ಸರಿಯಾಗಿ ಡಾಕ್ಟರ ಸ್ವರ ಬಂತು. ಅಳಿಯ ಸ್ವಿಚ್ಚು ಹಾಕಿ, ಡಾಕ್ಟರ ಸ್ವರಕ್ಕೂ ಡಬ್ಬದ ಸ್ವರಕ್ಕೂ ನಡುವೆ ಇದ್ದ ಗುಂಯ್ ಎಂಬ ಸದ್ದು ಕರಗಿ ಎರಡೂ ಒಂದಾಗುವವರೆಗೆ ಗುಂಡಿ ಸರಿಸಿ, ಸ್ವಿಚ್ಚು ತೆಗೆದ. ಒಂದು, ಬಂತು. ಎರಡು, ಬಂತು. ಅತ್ತೆಯೂ ಮಗಳೂ ಇಬ್ಬರೂ ಹೊಸ್ತಿಲ ಆಚೆ ನಿಂತಿದ್ದರು. ಹಲಗೆಯ ಮೇಲೆ ಕಾಲಿಡಬಾರದು ಎಂದು ಅಪ್ಪಣೆಯಾಗಿತ್ತು.

"ಮೂರು ಅಂದ್ರು," ಎಂದು ಮಾವ ಪಿಸುಗುಟ್ಟಿ, ಕುಟ್ಟಿದರು. ಮನೆ ಅದುರುವಂತೆ ಕುಟ್ಟಿದರು. ಅಳಿಯನ ತೊಡೆ ಕಲ್ಲಾಗಿತ್ತು. ಕುಟ್ಟುತ್ತಿರುವಾಗ ಅವನಿಗೆ ಒಂದು ಅನುಮಾನ ಬಂತು: ತರಂಗ ಕೆಳಕ್ಕೆ ಜಾರುತ್ತಿದೆಯಲ್ಲವೇ? ಅಥವಾ ಮೇಲಕ್ಕೆ? ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದ. ತಿರುಗಿಸಿದ ಕೂಡಲೇ ಗೊತ್ತಾಯಿತು, ಜಾರಿರಲಿಲ್ಲ. ಈಗ ಜಾರಿತು, ಅವನ ಕೈಯಿಂದ.

ಮಾವ ಮುಗಿಸಿದರು. ಸ್ವಿಚ್ಚು ಆಫ್. ರಿಸೀವರಿನ ಸುಯ್ ಎಂಬ ಸದ್ದು. ಐದು ಸೆಕೆಂಡು. ಹತ್ತು.

ಡಾಕ್ಟರು ಏನೋ ಕಳಿಸಿದರು, ಚಿಕ್ಕದು.

"ಏನಂತೆ?" ಎಂದರು ಅತ್ತೆ.

"ಮೂರಾ ಅಂತ ಕೇಳ್ತಿದಾರೆ. ಮತ್ತೊಮ್ಮೆ ಅಂತೆ."

"ನನ್ನ ತಪ್ಪು ಮಾವ, ನಾನು ಗುಂಡಿ..."

"ಮಾತಾಡಬೇಡ. ಅಲುಗುತ್ತೆ."

ಅಳಿಯ ಗುಂಡಿಯನ್ನು ಮೊದಲಿದ್ದ ಗೆರೆಗೆ ತಂದು, ಕೈಯನ್ನು ಗುಂಡಿಯಿಂದ ತೆಗೆದು, ಬೆನ್ನ ಹಿಂದೆ ಇಟ್ಟುಕೊಂಡ. ಇನ್ನು ಏನಾದರೂ ಆಗಲಿ, ತಿದ್ದುವುದಿಲ್ಲ. ತಿದ್ದದೆ ಕೂರುವಷ್ಟು ಕಷ್ಟದ ಕೆಲಸವನ್ನು ಅವನು ಜೀವಮಾನದಲ್ಲಿ ಮಾಡಿರಲಿಲ್ಲ. ಸ್ವಿಚ್ಚು ಹಾಕಿದ. ಮಾವ ಕುಟ್ಟಿದರು, ಮೊದಲಿನಷ್ಟೇ ಜೋರಾಗಿ. ಕರೆಹೆಸರು, ಕರೆಹೆಸರು, ಮೂರು, ಮೂರು. ಒಂದು ಚುಕ್ಕೆಯೂ ಬೀಳಲಿಲ್ಲ.

ಸ್ವಿಚ್ಚು ಆಫ್.

ಈ ಸಲ ಕಾಯಬೇಕಾಗಲಿಲ್ಲ. ಎರಡು ತುಣುಕು ಬಂದವು, ಅಳಿಯನಿಗೂ ಅರ್ಥವಾಗುವಷ್ಟು ನಿಧಾನವಾಗಿ. ಮೂರು. ಸರಿ. ಆಮೇಲೆ ಡಾಕ್ಟರು ನಾಲ್ಕಕ್ಕೆ ಹೋದರು, ಏನೂ ಆಗಿಯೇ ಇಲ್ಲವೆಂಬಂತೆ.

ಮಾವ ಕುರ್ಚಿಗೆ ಒರಗಿದರು. ಕತ್ತಿನ ಗುಂಡಿ ಬಿಚ್ಚಿಕೊಂಡರು. ಹೊಸ್ತಿಲ ಆಚೆ ಅತ್ತೆ, "ಹಾಗಾದ್ರೆ ನಾವಿನ್ನು ಓಡಾಡಬಹುದಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು.

ಹನ್ನೊಂದನೆಯ ನಂಬರಿನವರೆಗೂ ಹಾಜರಿ ಮುಗಿಯಲು ಇನ್ನೂ ಇಪ್ಪತ್ತೈದು ನಿಮಿಷ ಬೇಕಾಯಿತು. ಕೊನೆಯಲ್ಲಿ ಎಲ್ಲರೂ ಒಂದೊಂದು ಮಾತು ಹೇಳುವ ಪದ್ಧತಿಯಿತ್ತು. ಮಾವ ಹವಾಮಾನ ಹೇಳಿದರು, ತಮ್ಮ ಮಂಡಿನೋವಿನ ವಿವರ ಹೇಳಿದರು, ಐಸ್ ಕಾರ್ಖಾನೆಯವನ ಆರೋಗ್ಯ ವಿಚಾರಿಸಿದರು. ಅಳಿಯನ ಕಾಲು ಜೋಮು ಹಿಡಿದು ಮರದ ದಿಮ್ಮಿಯಾಗಿತ್ತು. ಎಲ್ಲ ಮುಗಿದು ಡಬ್ಬ ಎತ್ತಿಟ್ಟಾಗ ಅವನು ಎದ್ದು ನಿಲ್ಲಲಾರದೆ ಗೋಡೆ ಹಿಡಿದುಕೊಂಡ.

"ಮುಂದಿನ ವಾರ ಅಂಗಡಿಯಿಂದ ಒಂದು ಕಲ್ಲಿನ ಚಪ್ಪಡಿ ತರ್ತೀನಿ ಮಾವ. ಕೆಳಗೆ ರಬ್ಬರ್ ಕೊಟ್ಟು ನಿಲ್ಲಿಸಿದ್ರೆ..."

"ಯಾಕೆ? ಇದು ಚೆನ್ನಾಗಿದೆಯಲ್ಲ." ಮಾವ ರಿಸೀವರಿಗೆ ಬಟ್ಟೆ ಹೊದಿಸುತ್ತಿದ್ದರು. "ಭಾನುವಾರ ಎಂಟೂವರೆಗೇ ಬಂದುಬಿಡಿ. ಕಂಬಳಿ ನಾನೇ ತೆಗೆದಿಟ್ಟಿರ್ತೀನಿ."

ಬಹುವಚನ ಮರಳಿ ಬಂದಿತ್ತು. ಅದು ಗೌರವವೋ ಕೀಟಲೆಯೋ ಎಂದು ಅವನು ಕೇಳಲಿಲ್ಲ. ಮೆಟ್ಟಿಲಿಳಿಯುವಾಗ ಹೆಂಡತಿ, "ಇನ್ನು ಪ್ರತಿ ಭಾನುವಾರ ನಿಮಗೆ ಬೇರೆ ಕೆಲಸ ಇಲ್ಲ," ಎಂದಳು. ಅವನಿಗೆ ಅಳು ಬರುವಷ್ಟು ರೇಗಿತ್ತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಅಂದಿನಿಂದ ಅವನು ಎಷ್ಟೋ ಭಾನುವಾರ ಹಾಗೆ ಕೂತ. ಚಪ್ಪಡಿಯ ಮಾತು ಎತ್ತಿದಾಗಲೆಲ್ಲ ಮಾವ ಏನಾದರೊಂದು ನೆಪ ಹೇಳಿದರು. ನೆಲದ ನೆಪವನ್ನು ಅವರು ನಿಜವಾಗಿ ನಂಬಿದ್ದರೋ, ಅಥವಾ ಟೀ ಲೋಟ ನೋಡಿದ ಆ ಹೊತ್ತಿನಲ್ಲೇ ಎಲ್ಲ ತಿಳಿದು ಸುಮ್ಮನಿದ್ದರೋ, ಅವರು ಹೇಳಲಿಲ್ಲ, ಅವನು ಕೇಳಲಿಲ್ಲ. ಮೊದಲ ದಿನ ಡಾಕ್ಟರಿಗೆ ಸ್ವರ ಸ್ವಚ್ಛವಾಗಿ ಕೇಳಿಸಿತ್ತೋ, ಅಥವಾ ಗೆಳೆಯನ ಮೇಲಿನ ಮರುಕದಿಂದ ಸರಿ ಎಂದರೋ, ಅದೂ ಇವತ್ತಿನವರೆಗೆ ಗೊತ್ತಿಲ್ಲ.